ಭದ್ರಾವತಿಯ ಕುಲುಮೆ ಮತ್ತು ಊರಿನ ಅಂಗಡಿ

ಕಾರ್ಖಾನೆ ಸೊರಗಿದರೆ ಅಲ್ಲಿನ ನೌಕರರಿಗಷ್ಟೇ ನಷ್ಟವಲ್ಲವೇ, ಭದ್ರಾವತಿ ಊರಿಗೆ ಊರೇ ಏಕೆ ಕಳೆಗುಂದಬೇಕು ಎಂದು ತಾವು ಕೇಳಿದ್ದೀರಿ. 1923ರಲ್ಲಿ ಉತ್ಪಾದನೆ ಆರಂಭಿಸಿದ ಅಲ್ಲಿನ ಕಬ್ಬಿಣದ ಕಾರ್ಖಾನೆಗೆ ಕೆಮ್ಮಣ್ಣುಗುಂಡಿಯಿಂದ ಅದಿರು, ಮಲೆನಾಡಿನ ಕಾಡುಗಳಿಂದ ಇದ್ದಿಲಿಗೆ ಬೇಕಾದ ಸೌದೆ ಬರುತ್ತಿದ್ದುದರಿಂದ, ಅದರ ಗೇಟಿನೊಳಗೆ ಎಂದೂ ಕಾಲಿಡದ ಗಣಿ ಕಾರ್ಮಿಕರ, ಮರ ಕಡಿಯುವವರ ಕೂಲಿಯೂ ಅದೇ ಕುಲುಮೆಯನ್ನು ನಂಬಿತ್ತು. ಸಂಬಳದ ದಿನ ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ಒಂದೊಂದೇ ಹೆಸರಿನ ಮುಂದೆ ಗೆರೆ ಎಳೆದು ಲೆಕ್ಕ ಚುಕ್ತಾ ಮಾಡಿದ ಮೇಲೆ, ಆ ಹಣವೇ ದರ್ಜಿಗೆ, ತರಕಾರಿಯವರಿಗೆ, ಮಕ್ಕಳ ಶಾಲೆಯ ಶುಲ್ಕಕ್ಕೆ ಹರಿಯುತ್ತದೆ. ಅದೇ ಊರಿನ ಕಾಗದದ ಕಾರ್ಖಾನೆಯ ಜೊತೆಗಿದ್ದ ಸಕ್ಕರೆ ಘಟಕವಂತೂ ಸುತ್ತಲಿನ ಕಬ್ಬು ಬೆಳೆಗಾರರನ್ನೂ ಈ ಸರಪಳಿಗೆ ಸೇರಿಸಿತ್ತು. ಆದ್ದರಿಂದ ನಷ್ಟವನ್ನು ಹಾಜರಿ ಪುಸ್ತಕದ ಹೆಸರುಗಳಿಂದ ಮಾತ್ರ ಅಳೆಯುವುದು ಸರಿಯಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.