ಹೊಕ್ಕಳ ಸುತ್ತ 14 ಇಂಜೆಕ್ಷನ್, ನಿಜಾನಾ?

"ನಾಯಿ ಕಚ್ಚಿದರೆ ಹೊಕ್ಕಳ ಸುತ್ತ 14 ಇಂಜೆಕ್ಷನ್ ಕೊಡ್ತಿದ್ರು ಅಂತ ನಮ್ಮಜ್ಜಿ ಹೇಳ್ತಾರೆ. ನಿಜಾನಾ? ಹೊಟ್ಟೆಗೇ ಯಾಕೆ?" ಅಂತ ಕೇಳಿದ್ದೀರಿ.

ನಿಜ. ರೇಬೀಸ್, ಅಂದ್ರೆ ಹುಚ್ಚುನಾಯಿ ರೋಗ, ಬರದಿರಲಿ ಅಂತ ಕೊಡುತ್ತಿದ್ದ ಲಸಿಕೆ ಅದು. ನಾನೇ ತಗೊಂಡಿದ್ದೇನೆ, 1988ರಲ್ಲಿ, ಒಂಬತ್ತನೇ ವಯಸ್ಸಿನಲ್ಲಿ. ದಿನಾ ಬೆಳಿಗ್ಗೆ ಅಪ್ಪನ ಜೊತೆ ಬಸ್ಸು ಹತ್ತಿ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕಿತ್ತು. ಗಾಜಿನ ಸಿರಿಂಜು, ನೀರಲ್ಲಿ ಕುದಿಸಿದ ಸೂಜಿ. ನರ್ಸಮ್ಮ ಹೊಟ್ಟೆಯ ಚರ್ಮ ಚಿವುಟಿ ಎತ್ತಿ ಹಿಡಿದು ಚುಚ್ಚುತ್ತಿದ್ದರು. ನಿನ್ನೆ ಚುಚ್ಚಿದ ಜಾಗ ಗಂಟು ಕಟ್ಟಿರುತ್ತಿತ್ತು, ಇವತ್ತು ಅದರ ಪಕ್ಕ. ವಾರ ಕಳೆಯುವಷ್ಟರಲ್ಲಿ ಚಡ್ಡಿಯ ಲಾಡಿ ಕಟ್ಟಿದರೂ ಜೀವ ಹೋಗುತ್ತಿತ್ತು.

ಹೊಕ್ಕಳಿಗೂ ರೋಗಕ್ಕೂ ಸಂಬಂಧವೇ ಇಲ್ಲ. ಔಷಧಿ ಜಾಸ್ತಿ, ದೊಡ್ಡವರಿಗೆ ಒಂದು ಸಲಕ್ಕೆ 5 ಎಂ.ಎಲ್. ವರೆಗೂ. ಅಷ್ಟನ್ನು ದಿನಾ ಚರ್ಮದ ಕೆಳಗೆ ತುಂಬಲು ತೋಳಲ್ಲಿ ಜಾಗ ಎಲ್ಲಿ ಬರಬೇಕು? ಹೊಟ್ಟೆಯಾದರೆ ವಿಶಾಲ, ಅಲ್ವಾ!

ಇದರ ಮೂಲ ಪ್ಯಾರಿಸ್. 1885ರ ಜುಲೈ 6ರಂದು ವಿಜ್ಞಾನಿ ಲೂಯಿ ಪಾಶ್ಚರ್ ಹತ್ತಿರ ಜೋಸೆಫ್ ಮೈಸ್ಟರ್ ಎಂಬ ಹುಡುಗನನ್ನು ಕರೆತಂದರು. ಎರಡು ದಿನದ ಹಿಂದೆ ಹುಚ್ಚುನಾಯಿ ಕಚ್ಚಿತ್ತು. ಅವನಿಗೂ ಒಂಬತ್ತೇ ವರ್ಷ. ರೋಗದಿಂದ ಸತ್ತ ಮೊಲದ ಬೆನ್ನುಹುರಿ ಒಣಗಿಸಿ ಮಾಡಿದ ಔಷಧಿ ಅದು. ಮೊದಲ ದಿನ ಚೆನ್ನಾಗಿ ಒಣಗಿ ಶಕ್ತಿ ಕಳೆದುಕೊಂಡದ್ದು, ಆಮೇಲೆ ದಿನದಿನಕ್ಕೂ ತಾಜಾ. ಒಟ್ಟು 13 ಸಲ, ಹೊಟ್ಟೆಯ ಚರ್ಮಕ್ಕೇ. ಪಾಶ್ಚರ್ ಡಾಕ್ಟರಲ್ಲ, ಹಾಗಾಗಿ ಸೂಜಿ ಹಿಡಿದದ್ದು ಬೇರೆಯವರು. ಹುಡುಗ ಬದುಕಿದ. ಕಚ್ಚಿದ ಮೇಲೂ ಲಸಿಕೆ ನಾಟುವುದಕ್ಕೆ ಕಾರಣವಿದೆ: ವೈರಸ್ ನರದ ದಾರಿ ಹಿಡಿದು ಮಿದುಳು ಮುಟ್ಟಲು ಸಾಮಾನ್ಯವಾಗಿ ವಾರಗಳೇ ಬೇಕು. ಅಷ್ಟರೊಳಗೆ ಮೈ ಸಜ್ಜಾಗಬೇಕು.

ನನಗೆ ಚುಚ್ಚಿದ್ದು ಮೊಲದ್ದಲ್ಲ, ಕುರಿಯದು. 1911ರಲ್ಲಿ ಹಿಮಾಚಲದ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ಎಂಬ ಬ್ರಿಟಿಷ್ ವೈದ್ಯರು ಪ್ರಾಣಿಯ ಮಿದುಳಲ್ಲಿ ವೈರಸ್ ಬೆಳೆಸಿ, ಕಾರ್ಬಾಲಿಕ್ ಆಮ್ಲದಿಂದ ಅದನ್ನು ಕೊಂದು ಲಸಿಕೆ ಮಾಡಿದ್ದರು. ಅಗ್ಗ, ಆದರೆ ಮಿದುಳಿನ ಚೂರು ಮೈಗೆ ಒಗ್ಗದೆ ಕೆಲವರಿಗೆ ಪಾರ್ಶ್ವವಾಯು ಹೊಡೆಯುತ್ತಿತ್ತು. ಆದರೂ ನಮ್ಮ ದೇಶದಲ್ಲಿ ಅದು ನಿಂತದ್ದು 2004ರ ಕೊನೆಗೆ. ತೊಂಬತ್ತು ವರ್ಷ ದಾಟಿ! ಈಗ ತೋಳಿಗೆ ನಾಲ್ಕೈದು ಸಲ, ಅಷ್ಟೇ.

ಅಂದಹಾಗೆ, ಆಸ್ಪತ್ರೆಗೆ ಹೊರಡುವ ಮೊದಲು ಅಮ್ಮ ಗಾಯಕ್ಕೆ ಸುಣ್ಣ ಮೆತ್ತಿದ್ದಳು. ಮೊದಲು ಮಾಡಬೇಕಾದದ್ದು ಸೋಪು ಹಾಕಿ, ಹರಿಯುವ ನೀರಲ್ಲಿ 15 ನಿಮಿಷ ತೊಳೆಯುವುದು. ಈ ವೈರಸ್ಸಿನ ಹೊರಪದರ ಕೊಬ್ಬಿನದು, ಸೋಪಿಗೆ ಒಡೆದುಹೋಗುತ್ತೆ. ಸೋಪು ಬಚ್ಚಲಲ್ಲೇ ಇತ್ತು, ಯಾರಿಗೂ ಹೊಳೆಯಲಿಲ್ಲ.