ಕನ್ನಡಕ ಆಮೇಲೆ ಕೊಳ್ಳಿ

ಪ್ರಶ್ನೆ: ದೂರದಿಂದ ನಡೆಸುವ ರೋಬೋಟ್ ತೋಳು ಮಾಡಿದ್ದೇವೆ. ವಿಡಿಯೊ ತಡವಾಗಿ ಬರುವುದರಿಂದ ತೋಳು ಗುರಿ ದಾಟಿ ಹೋಗುತ್ತದೆ. ಎಆರ್ ಕನ್ನಡಕ (ಕಣ್ಣೆದುರಿನ ದೃಶ್ಯದ ಮೇಲೆ ಕಂಪ್ಯೂಟರ್ ಚಿತ್ರ ಮೂಡಿಸುವಂಥದ್ದು) ಹಾಕಿಕೊಂಡರೆ ಸರಿಹೋಗುತ್ತಾ?

ಉತ್ತರ: ದುಡ್ಡು ಸದ್ಯಕ್ಕೆ ಉಳಿಸಿ. ಮಾಮೂಲಿ ಪರದೆಯಲ್ಲೇ ವಿಡಿಯೊ ಮೇಲೆ ತೋಳಿನ ಮಸುಕು ಚಿತ್ರವೊಂದು ಮೂಡಲಿ, ಜಾಯ್‌ಸ್ಟಿಕ್ ಅಲುಗಿಸಿದ ಕೂಡಲೇ ಅದು ಚಲಿಸಬೇಕು, ನಿಜವಾದ ತೋಳು ಹಿಂದಿನಿಂದ ನಿಧಾನಕ್ಕೆ ಬರಲಿ ಬಿಡಿ. 1993ರಲ್ಲಿ ಜರ್ಮನಿಯವರು ಕೊಲಂಬಿಯಾ ಬಾಹ್ಯಾಕಾಶ ನೌಕೆಯೊಳಗಿನ ರೋಟೆಕ್ಸ್ ಎಂಬ ರೋಬೋಟ್ ತೋಳನ್ನು ನೆಲದಿಂದ ನಡೆಸಿದ್ದು ಇಂಥ ಮುನ್ನೋಟದ ಚಿತ್ರ ನೋಡಿಕೊಂಡೇ. ಅಲ್ಲಿ ತಡ 5ರಿಂದ 7 ಸೆಕೆಂಡು! ಆದರೂ ತೇಲುತ್ತಿದ್ದ ವಸ್ತುವನ್ನು ಹಿಡಿದರು.

ಜಾಸ್ತಿ ಕಾಟ ಕೊಡುವುದು ಕ್ಯಾಲಿಬ್ರೇಷನ್, ಅಂದರೆ ಕ್ಯಾಮೆರಾ ಮತ್ತು ತೋಳಿನ ಅಳತೆ ಹೊಂದಿಸುವುದು. ತೋಳಿನ ಬುಡದಿಂದ ಕ್ಯಾಮೆರಾ ಎಷ್ಟು ದೂರ, ಯಾವ ಕೋನದಲ್ಲಿದೆ ಅನ್ನೋದು ಸ್ವಲ್ಪ ತಪ್ಪಿದರೂ ಚಿತ್ರ ಒಂದು ಕಡೆ, ತೋಳು ಇನ್ನೊಂದು ಕಡೆ. ಕಪ್ಪು ಬಿಳಿ ಚೌಕಗಳ ಹಾಳೆ ಮುದ್ರಿಸಿ, ಕ್ಯಾಮೆರಾಕ್ಕೆ ತೋರಿಸಿ ಮೊದಲು ಈ ಅಳತೆ ಸರಿಮಾಡಿಕೊಳ್ಳಿ.