ನೋಟ್‌ಬುಕ್ಕಿನ ಕೊನೇ ಪುಟಗಳನ್ನು ಟೀಚರ್‌ಗೆ ತೋರಿಸಬೇಕಾ?

ನಿಮ್ಮ ಪ್ರಶ್ನೆ ಓದಿದೆ. ಒಂಬತ್ತನೇ ತರಗತಿ. ಪಾಠ ನಡೆಯುವಾಗ ನೋಟ್‌ಬುಕ್ಕಿನ ಕೊನೇ ಪುಟಗಳಲ್ಲಿ ಹಕ್ಕಿಗಳ ಚಿತ್ರ ಬಿಡಿಸುತ್ತೀರಿ. ಶಾಲೆಯೇ ಬೇರೆ, ನನ್ನ ಇಷ್ಟವೇ ಬೇರೆ ಅನ್ನಿಸಿದೆ. ಇದನ್ನು ಟೀಚರ್‌ಗಳ ಹತ್ತಿರ ಹೇಳಬೇಕಾ, ಸುಮ್ನೆ ಇರಬೇಕಾ ಅಂತ ಕೇಳಿದ್ದೀರಿ. ನಾನೀಗ ಹನ್ನೆರಡನೇ ತರಗತಿ. ಮೂರು ವರ್ಷದ ಹಿಂದೆ ನನ್ನ ನೋಟ್‌ಬುಕ್ಕಿನ ಕೊನೇ ಪುಟಗಳಲ್ಲೂ ಇಂಥದ್ದೇ ಒಂದು ಇತ್ತು. ಹಕ್ಕಿಯಲ್ಲ, ಚಂದ್ರ.

ನನ್ನ ಉತ್ತರ: ಹೇಳಿ. ಆದರೆ "ನನಗೆ ಹಕ್ಕಿ ಅಂದ್ರೆ ತುಂಬಾ ಇಷ್ಟ" ಅಂತ ಹೇಳಬೇಡಿ. ಒಂದು ಪ್ರಶ್ನೆ ಹಿಡಿದುಕೊಂಡು ಹೋಗಿ. ಈ ಎರಡಕ್ಕೂ ಎಷ್ಟು ವ್ಯತ್ಯಾಸ ಅನ್ನುವುದು ನನಗೆ ತಡವಾಗಿ ಗೊತ್ತಾಯಿತು.

ನಾನು ಮಾಡುತ್ತಿದ್ದದ್ದು ಬಹಳ ಸಣ್ಣ ಕೆಲಸ. ಹುಣ್ಣಿಮೆ ಕಳೆದ ಮೇಲೆ ದಿನವೂ ಸಂಜೆ ತಾರಸಿಗೆ ಹೋಗಿ, ಚಂದ್ರ ಎದುರು ಮನೆಯ ಗೋಡೆ ದಾಟಿ ಮೊದಲು ಕಾಣುವ ಹೊತ್ತನ್ನು ಬರೆದಿಡುತ್ತಿದ್ದೆ. ದೂರದರ್ಶಕ ಇರಲಿಲ್ಲ. ಒಂದು ಗಡಿಯಾರ, ಒಂದು ಪೆನ್ಸಿಲ್. ನಾಲ್ಕೈದು ದಿನ ಆದಮೇಲೆ ಚಂದ್ರ ಹುಟ್ಟುವ ಹೊತ್ತಿಗೆ ನನಗೆ ನಿದ್ದೆ. ಮೋಡ ಬಂದ ದಿನಗಳು ಖಾಲಿ. ಹಾಗಾಗಿ ಏಳು ತಿಂಗಳಲ್ಲಿ ಸಿಕ್ಕಿದ್ದು ಮೂವತ್ತು ಚಿಲ್ಲರೆ ಸಾಲು, ಅಷ್ಟೇ. ಆದರೆ ಆ ಮೂವತ್ತು ಸಾಲಿನಷ್ಟು ಪ್ರೀತಿಯಿಂದ ನಾನು ಶಾಲೆಯ ಯಾವ ನೋಟ್ಸನ್ನೂ ಬರೆದಿರಲಿಲ್ಲ.

ಮೊದಲು ನಾನೂ ನಿಮ್ಮ ಹಾಗೇ ಯೋಚಿಸಿ, ಒಬ್ಬರು ಟೀಚರ್ ಹತ್ತಿರ ಹೋಗಿ "ನನಗೆ ಖಗೋಳ ಅಂದ್ರೆ ಇಷ್ಟ" ಅಂದಿದ್ದೆ. ಅವರು ನಕ್ಕು, "ಒಳ್ಳೇದು, ಮೊದಲು ಚೆನ್ನಾಗಿ ಓದು" ಅಂದರು. ಈಗ ಅನ್ನಿಸುತ್ತದೆ, ಅವರು ಇನ್ನೇನು ಹೇಳಬೇಕಿತ್ತು? ಇಷ್ಟ ಅಂದರೆ ಅದಕ್ಕೆ ಕೊಡುವ ಉತ್ತರ ಒಂದೇ: ಒಳ್ಳೇದು. ಮಾತು ಅಲ್ಲಿಗೆ ಮುಗಿದುಹೋಗುತ್ತದೆ. ಇನ್ನೊಮ್ಮೆ ಬೇರೆ ಒಬ್ಬರು ಸರ್ ಪಾಠದ ಮಧ್ಯೆ ನನ್ನ ನೋಟ್‌ಬುಕ್ ತೆಗೆದುಕೊಂಡು, ಕೊನೇ ಪುಟವನ್ನು ಎಲ್ಲರಿಗೂ ತೋರಿಸಿ, "ಇದು ಪರೀಕ್ಷೆಗೆ ಬರುತ್ತಾ?" ಅಂದರು. ಕ್ಲಾಸ್ ನಕ್ಕಿತು. ಅವತ್ತು ಸಂಜೆ ನಾನು ತಾರಸಿಗೆ ಹೋಗಲಿಲ್ಲ. ಅದು ನೋಯಿಸಿತ್ತು, ಇವತ್ತಿಗೂ ನೆನಪಿದೆ. ನಿಮಗೂ ಇಂಥದ್ದೇ ಭಯ ಇರಬಹುದು, ಅದಕ್ಕೇ ಮುಚ್ಚಿಡದೆ ಬರೆಯುತ್ತಿದ್ದೇನೆ.

ಪ್ರಶ್ನೆ ಹುಟ್ಟಿದ್ದು ಹೀಗೆ. ಚಂದ್ರ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಹುಟ್ಟುತ್ತಾನೆ ಅಂತ ಒಂದು ಪುಸ್ತಕದಲ್ಲಿ ಓದಿದ್ದೆ. ಲೆಕ್ಕ ಹಾಕಿ ನೋಡೋಣ ಅಂತ ಕೂತೆ. ಚಂದ್ರ 27.3 ದಿನಕ್ಕೆ ಭೂಮಿಯನ್ನು ಒಂದು ಸುತ್ತು ಬರುತ್ತಾನೆ. 360 ಡಿಗ್ರಿಯನ್ನು 27.3ರಿಂದ ಭಾಗಿಸಿದರೆ ದಿನಕ್ಕೆ 13.2 ಡಿಗ್ರಿ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಗುಣಿಸಿದರೆ ಸುಮಾರು 53 ನಿಮಿಷ. ಪುಸ್ತಕಕ್ಕೂ ನನಗೂ ಮೂರು ನಿಮಿಷ ವ್ಯತ್ಯಾಸ. ಅದಕ್ಕಿಂತ ದೊಡ್ಡ ತಲೆನೋವು ನನ್ನ ಪಟ್ಟಿಯಲ್ಲೇ ಇತ್ತು. ಒಂದು ತಿಂಗಳು ದಿನಕ್ಕೆ 42 ನಿಮಿಷದ ಹತ್ತಿರ ಬಂದಿದೆ. ಇನ್ನೊಂದು ತಿಂಗಳು 57. ನಾನು ಗಡಿಯಾರ ನೋಡಿದ್ದೇ ತಪ್ಪಾ? ಅಥವಾ ಚಂದ್ರನೇ ಹೀಗಾ?

ಲೆಕ್ಕದ ಸರ್ ಹತ್ತಿರ ಮೊದಲು ಹೋದೆ. ಹೆಚ್ಚು ಮಾತಾಡುವವರಲ್ಲ ಅವರು. ನಾವೆಲ್ಲ ಅವರಿಗೆ ಹೆದರುತ್ತಿದ್ದೆವು. ಪುಟ ನೋಡಿದರು, ಪೆನ್ ತೆಗೆದರು. "27.3 ದಿನ ಅನ್ನೋದು ನಕ್ಷತ್ರಗಳ ಲೆಕ್ಕಕ್ಕೆ. ನೀನು ದಿನ ಅಂತ ಎಣಿಸ್ತಿರೋದು ಸೂರ್ಯನ್ನ ಇಟ್ಕೊಂಡು. ಸೂರ್ಯನೂ ದಿನಕ್ಕೆ ಒಂದು ಡಿಗ್ರಿ ಆ ಕಡೆಗೇ ಸರೀತಾನಲ್ಲಮ್ಮಾ?" ಅಂದರು. ಹುಣ್ಣಿಮೆಯಿಂದ ಹುಣ್ಣಿಮೆಗೆ 29.5 ದಿನ. ಅದರಿಂದ ಭಾಗಿಸಿದರೆ 12.2 ಡಿಗ್ರಿ, ಅಂದರೆ 49 ನಿಮಿಷ. ಈಗ ಒಂದು ನಿಮಿಷ ಕಡಿಮೆ ಬಿತ್ತು! ಸರ್ ಉತ್ತರ ಹೇಳಲಿಲ್ಲ, "ಆ 49 ನಿಮಿಷ ಚಂದ್ರ ನಿಂತ್ಕೊಂಡಿರ್ತಾನಾ?" ಅಂತ ಮಾತ್ರ ಕೇಳಿದರು. ಇಲ್ಲ, ಅಷ್ಟು ಹೊತ್ತಿನಲ್ಲಿ ಇನ್ನೂ 0.4 ಡಿಗ್ರಿ ಮುಂದೆ ಹೋಗಿರುತ್ತಾನೆ. ಅದಕ್ಕೆ ಇನ್ನೊಂದೂವರೆ ನಿಮಿಷ. ಒಟ್ಟು ಐವತ್ತು ಚಿಲ್ಲರೆ. ಸರಿಹೋಯಿತು.

ಆ ಖುಷಿಯನ್ನು ಹೇಗೆ ಹೇಳಲಿ? ಭಾಗಾಕಾರ, ಗುಣಾಕಾರ ಬಿಟ್ಟರೆ ಅದರಲ್ಲಿ ಬೇರೆ ಏನೂ ಇರಲಿಲ್ಲ. ಆದರೆ ನಾನೇ ನೋಡಿದ ಚಂದ್ರನ ಲೆಕ್ಕ ಅದು. ಆವತ್ತಿನಿಂದ ಆ ಸರ್ ಕ್ಲಾಸಿನಲ್ಲಿ ನನಗೆ ಹೆದರಿಕೆ ಹೋಯಿತು. ಅವರು ಬದಲಾಗಿರಲಿಲ್ಲ, ಅದೇ ಗಂಭೀರ ಮುಖ. ಪ್ರಶ್ನೆ ಕೇಳಿದರೆ ಬೈಯುವುದಿಲ್ಲ ಅಂತ ನನಗೆ ಗೊತ್ತಾಗಿತ್ತು, ಅಷ್ಟೇ.

42 ಮತ್ತು 57ರ ಕಥೆ ಮಾತ್ರ ಹಾಗೇ ಉಳಿದಿತ್ತು. ಅದನ್ನು ಭೌತಶಾಸ್ತ್ರದ ಮೇಡಂ ಹತ್ತಿರ ತೆಗೆದುಕೊಂಡು ಹೋದೆ. ಅವರು ಎರಡು ನಿಮಿಷ ಪಟ್ಟಿ ನೋಡಿ, "ನನಗೆ ಗೊತ್ತಿಲ್ಲ ಕಣಮ್ಮಾ. ನೋಡ್ಕೊಂಡು ಬಂದು ಹೇಳ್ತೀನಿ" ಅಂದರು.

ಒಬ್ಬರು ಟೀಚರ್ "ನನಗೆ ಗೊತ್ತಿಲ್ಲ" ಅಂದದ್ದನ್ನು ಅವತ್ತೇ ಮೊದಲು ಕೇಳಿದ್ದು ನಾನು. ಅದರ ಜೊತೆಗೆ ಇನ್ನೊಂದು: ಅವರು ನಿಜವಾಗಿಯೂ ನೋಡಿಕೊಂಡು ಬಂದರು. ನಾಲ್ಕು ದಿನ ಬಿಟ್ಟು ಸ್ಟಾಫ್ ರೂಮಿಗೆ ಕರೆದು, ಮೇಜಿನ ಅಂಚಿಗೆ ಒಂದು ಪೆನ್ಸಿಲ್ ಹಿಡಿದರು. ಮೇಜಿನ ಅಂಚೇ ದಿಗಂತ, ಪೆನ್ಸಿಲ್ಲೇ ಚಂದ್ರನ ದಾರಿ. ಪೆನ್ಸಿಲ್ ನೆಟ್ಟಗೆ ಇದ್ದರೆ, ಒಂದು ದಿನದಲ್ಲಿ ಸರಿದ ಚಂದ್ರ ದಿಗಂತದಿಂದ ತುಂಬಾ ಕೆಳಗೆ ಇರುತ್ತಾನೆ, ಮೇಲೆ ಬರಲು ಹೊತ್ತು ಬೇಕು. ಪೆನ್ಸಿಲ್ ಓರೆಯಾಗಿ ಮಲಗಿದ್ದರೆ, ಅಷ್ಟೇ ದೂರ ಸರಿದರೂ ದಿಗಂತಕ್ಕೆ ಹತ್ತಿರವೇ ಇರುತ್ತಾನೆ, ಬೇಗ ಬರುತ್ತಾನೆ. ಹುಣ್ಣಿಮೆ ಹೊತ್ತಿನ ಈ ಓರೆ ವರ್ಷದುದ್ದಕ್ಕೂ ಬದಲಾಗುತ್ತಾ ಹೋಗುತ್ತದೆ. ಇದು ಒಂದು ಕಾರಣ. ಇನ್ನೊಂದು ಕಾರಣ ಚಂದ್ರನ ವೇಗ. ಚಂದ್ರನ ದಾರಿ ಪೂರ್ತಿ ದುಂಡಗಿಲ್ಲ. ಹತ್ತಿರ ಬಂದಾಗ ಸುಮಾರು 3,63,000 ಕಿಲೋಮೀಟರ್, ದೂರ ಹೋದಾಗ ಸುಮಾರು 4,05,000. ಹತ್ತಿರ ಇದ್ದಾಗ ಜೋರಾಗಿ ಓಡುತ್ತಾನೆ.

"ಇದನ್ನ ನೀನು ಆಗಲೇ ಓದಿದೀಯ" ಅಂದರು ಮೇಡಂ. ನನಗೆ ಹೊಳೆಯಲಿಲ್ಲ. ಗ್ರಹಗಳ ದಾರಿಯ ಬಗ್ಗೆ ಖಗೋಳ ವಿಜ್ಞಾನಿ ಕೆಪ್ಲರ್ ಹೇಳಿದ ಎರಡನೇ ನಿಯಮ! ಗ್ರಹದಿಂದ ಸೂರ್ಯನಿಗೆ ಎಳೆದ ಗೆರೆ ಸಮಾನ ಕಾಲದಲ್ಲಿ ಸಮಾನ ಕ್ಷೇತ್ರ ದಾಟುತ್ತದೆ, ಅಂದರೆ ಹತ್ತಿರ ಇದ್ದಾಗ ವೇಗ ಜಾಸ್ತಿ. ಅದನ್ನು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಪೂರ್ತಿ ಅಂಕ ತೆಗೆದುಕೊಂಡಿದ್ದೆ. ಅದು ನನ್ನ ಕೊನೇ ಪುಟದ ಚಂದ್ರನ ಬಗ್ಗೆಯೇ ಹೇಳುತ್ತಿದೆ ಅಂತ ಒಂದು ಸಲವೂ ಅನ್ನಿಸಿರಲಿಲ್ಲ.

ಆಮೇಲೆ ಮೇಡಂ ಕೆಪ್ಲರನ ಕಥೆ ಹೇಳಿದರು. ಟೈಕೊ ಬ್ರಾಹೆ ಅನ್ನುವವರು ವರ್ಷಗಟ್ಟಲೆ ಬರಿಗಣ್ಣಿನಿಂದಲೇ ಗ್ರಹಗಳ ಜಾಗ ಅಳೆದು ಬರೆದಿಟ್ಟಿದ್ದರು. 1601ರಲ್ಲಿ ಅವರು ತೀರಿಕೊಂಡರು. ಆಗಿನ್ನೂ ಯಾರೂ ದೂರದರ್ಶಕವನ್ನು ಆಕಾಶಕ್ಕೆ ತಿರುಗಿಸಿರಲಿಲ್ಲ. ಆ ಪಟ್ಟಿ ಇಟ್ಟುಕೊಂಡು ಕೆಪ್ಲರ್ ಮಂಗಳ ಗ್ರಹದ ದಾರಿಯನ್ನು ವೃತ್ತ ಅಂತ ಲೆಕ್ಕ ಹಾಕಿದರೆ, 8 ಕಲೆಗಳಷ್ಟು ವ್ಯತ್ಯಾಸ ಬರುತ್ತಿತ್ತು. ಒಂದು ಡಿಗ್ರಿಗೆ 60 ಕಲೆ. ಹುಣ್ಣಿಮೆ ಚಂದ್ರ ಸುಮಾರು 30 ಕಲೆ ಅಗಲ. ಅಂದರೆ ಚಂದ್ರನ ಕಾಲು ಭಾಗದಷ್ಟು ವ್ಯತ್ಯಾಸ. ಇಷ್ಟೇ ತಾನೇ ಅಂತ ಬಿಡಬಹುದಿತ್ತು. ಕೆಪ್ಲರ್ ಬಿಡಲಿಲ್ಲ, ಟೈಕೊ ಅಷ್ಟು ತಪ್ಪು ಅಳೆದಿರಲಾರರು ಅಂತ ನಂಬಿದರು. ವೃತ್ತವನ್ನೇ ಕೈಬಿಟ್ಟರು. ಗ್ರಹದ ದಾರಿ ದೀರ್ಘವೃತ್ತ ಅಂತ 1609ರಲ್ಲಿ ಪುಸ್ತಕ ಬಂತು. ಮೊದಲ ಎರಡು ನಿಯಮ ಅದರಲ್ಲೇ ಇವೆ. ಮೂರನೆಯದು ಬಂದದ್ದು 1619ರಲ್ಲಿ.

ನನ್ನ ಪುಟ ತೋರಿಸಿ ಮೇಡಂ ಒಂದು ಮಾತು ಹೇಳಿದರು: "42ನ್ನ ಅಳಿಸಿ 50 ಅಂತ ಬರ್ಕೊಂಡಿದ್ರೆ ನಿನಗೆ ಈ ಪ್ರಶ್ನೆ ಸಿಗ್ತಿತ್ತಾ?" ನಿಜ ಹೇಳುತ್ತೇನೆ, ಅಳಿಸಬೇಕು ಅನ್ನಿಸಿತ್ತು. ಲ್ಯಾಬ್ ರೆಕಾರ್ಡ್‌ನಲ್ಲಿ ನಾವು ಎಷ್ಟು ಸಲ ಉತ್ತರಕ್ಕೆ ಹೊಂದುವ ಹಾಗೆ ಅಂಕಿ ತಿದ್ದಿಲ್ಲ, ಅಲ್ವಾ? ಆಮೇಲಿಂದ ನಾನು ತಿದ್ದಿಲ್ಲ.

ಇಷ್ಟಾದ ಮೇಲೆ ಶಾಲೆ ಪೂರ್ತಿ ಇಷ್ಟವಾಗಿಬಿಟ್ಟಿತು ಅಂದುಕೊಳ್ಳಬೇಡಿ. ರಸಾಯನಶಾಸ್ತ್ರ ನನಗೆ ಇವತ್ತಿಗೂ ಕಷ್ಟ. ಇತಿಹಾಸದಲ್ಲಿ ಇಸವಿ ಮರೆಯುತ್ತೇನೆ. ಅಂಕಗಳು ಹೇಳಿಕೊಳ್ಳುವಷ್ಟು ಏರಲಿಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಇದು ನಿಮಗೆ ಜಾಸ್ತಿ ಬೇಕಾಗಬಹುದು, ಯಾಕೆಂದರೆ ಚೆನ್ನಾಗಿ ಚಿತ್ರ ಬಿಡಿಸುವವರನ್ನು ಶಾಲೆ ಬೇಗ ಗುರುತಿಸುತ್ತದೆ. ನನ್ನ ಚಂದ್ರನ ಪಟ್ಟಿ ವಿಷಯ ಗೊತ್ತಾಗಿ, ವಿಜ್ಞಾನ ಪ್ರದರ್ಶನಕ್ಕೆ ಮಾದರಿ ಮಾಡು ಅಂದರು. ಮಾಡಿದೆ. ಥರ್ಮಾಕೋಲ್ ಚೆಂಡು, ಬಲ್ಬು, ತಿರುಗುವ ಮೋಟರ್. ಬಹುಮಾನವೂ ಬಂತು. ಅದಾದಮೇಲೆ ಎರಡು ತಿಂಗಳು ನನ್ನ ಪಟ್ಟಿಯಲ್ಲಿ ಒಂದು ಸಾಲೂ ಇಲ್ಲ. ಆಕಾಶ ಶುಭ್ರವಾಗಿತ್ತು, ಹೋಗಬೇಕು ಅನ್ನಿಸಲಿಲ್ಲ. ನನಗೇ ಭಯವಾಯಿತು, ಇಷ್ಟೇನಾ ನನ್ನ ಆಸಕ್ತಿ ಅಂತ.

ಆಮೇಲೆ ಒಂದು ಅಧ್ಯಯನದ ಬಗ್ಗೆ ಓದಿದೆ. ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಅನ್ನುವ ಮೂವರು 1973ರಲ್ಲಿ ಪ್ರಕಟಿಸಿದ್ದು. ಮೊದಲಿಂದಲೂ ಚಿತ್ರ ಬಿಡಿಸಲು ಇಷ್ಟಪಡುವ ಪುಟ್ಟ ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಚಿತ್ರ ಬಿಡಿಸಿದರೆ ಬಹುಮಾನ ಅಂತ ಮೊದಲೇ ಹೇಳಿದರು. ಇನ್ನೊಂದಕ್ಕೆ ಹೇಳದೆ ಕೊಟ್ಟರು. ಮೂರನೆಯದಕ್ಕೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು ನೋಡಿದರೆ, ಬಹುಮಾನದ ಮಾತು ಕೇಳಿ ಬಿಡಿಸಿದ ಮಕ್ಕಳು ಆ ಬಣ್ಣದ ಪೆನ್ನುಗಳ ಜೊತೆ ಕಳೆದ ಹೊತ್ತು ಉಳಿದವರ ಅರ್ಧದಷ್ಟು ಮಾತ್ರ. ಹೇಳದೆ ಬಹುಮಾನ ಪಡೆದವರಿಗೆ ಏನೂ ಆಗಿರಲಿಲ್ಲ. ಓದಿದಾಗ ದೊಡ್ಡ ಸಮಾಧಾನ ಆಯಿತು. ಆಸಕ್ತಿ ಸತ್ತಿರಲಿಲ್ಲ, ನಾನು ಅದನ್ನು ಕೆಲಸ ಅಂತ ಅಂದುಕೊಂಡುಬಿಟ್ಟಿದ್ದೆ. ಒಂದು ರಾತ್ರಿ ಯಾರಿಗೂ ಹೇಳದೆ ತಾರಸಿಗೆ ಹೋದೆ. ಚಂದ್ರನ ಪಕ್ಕದಲ್ಲೇ ರೋಹಿಣಿ ನಕ್ಷತ್ರ ಕೆಂಪಗೆ ಹೊಳೆಯುತ್ತಿತ್ತು. ಒಂದು ಗಂಟೆ ಕೂತೆ. ಅಷ್ಟರಲ್ಲಿ ಚಂದ್ರ ತನ್ನ ಅಗಲದಷ್ಟು ದೂರ ನಕ್ಷತ್ರದ ಕಡೆಗೆ ಸರಿದಿದ್ದ. ಕಣ್ಣಿಗೇ ಗೊತ್ತಾಗುತ್ತಿತ್ತು.

ಈಗ ಎರಡು ಪುಸ್ತಕ ಇಟ್ಟಿದ್ದೇನೆ. ಒಂದನ್ನು ಮೇಡಂಗೆ ತೋರಿಸುತ್ತೇನೆ. ಇನ್ನೊಂದನ್ನು ಯಾರಿಗೂ ತೋರಿಸುವುದಿಲ್ಲ. ನಿಮ್ಮ ಹಕ್ಕಿ ಚಿತ್ರಗಳಲ್ಲೂ ಒಂದಷ್ಟನ್ನು ಸ್ಪರ್ಧೆಗೆ ಕೊಡದೆ ಹಾಗೇ ಇಟ್ಟುಕೊಳ್ಳಿ.

ಇನ್ನು ನಿಮ್ಮ ಪ್ರಶ್ನೆ. ಏನು ಕೇಳಬೇಕು ಅಂತ ಹೊಳೆಯದಿದ್ದರೆ ನಿಮ್ಮ ಚಿತ್ರದ ಕಾಲುಗಳನ್ನೇ ನೋಡಿ. ಹಕ್ಕಿಯ ಮಂಡಿ ಹಿಂದಕ್ಕೆ ಮಡಚಿದ ಹಾಗೆ ಬಿಡಿಸಿರುತ್ತೀರಿ, ಎಲ್ಲರೂ ಹಾಗೇ ನೋಡುವುದು. ಅದು ಮಂಡಿಯಲ್ಲ, ಪಾದದ ಕೀಲು. ನಿಜವಾದ ಮಂಡಿ ಮೇಲೆ, ಗರಿಗಳ ಒಳಗೆ ಅಡಗಿರುತ್ತದೆ. ಅಂದರೆ ಹಕ್ಕಿ ಸದಾ ತುದಿಗಾಲಲ್ಲೇ ನಿಂತಿರುತ್ತದೆ. ನಿಮ್ಮ ಶಾಲೆಯಲ್ಲಿ ಮನುಷ್ಯನ ಮೂಳೆಗಳ ಚಿತ್ರಪಟ ಇದ್ದೇ ಇರುತ್ತದೆ. ಅದರ ಕಾಲು, ನಿಮ್ಮ ಹಕ್ಕಿಯ ಕಾಲು, ಎರಡನ್ನೂ ಅಕ್ಕಪಕ್ಕ ಬಿಡಿಸಿ, ಒಂದೊಂದು ಮೂಳೆಗೂ ಗೆರೆ ಎಳೆದು ಹೊಂದಿಸಿ ನೋಡಿ. ಎಲ್ಲೋ ಒಂದು ಕಡೆ ಹೊಂದುವುದಿಲ್ಲ. ಅಲ್ಲಿಗೆ ಗುರುತು ಹಾಕಿಕೊಂಡು, ಜೀವಶಾಸ್ತ್ರದ ಟೀಚರ್ ಒಬ್ಬರೇ ಇರುವ ಹೊತ್ತು ನೋಡಿ ಹೋಗಿ. ಕ್ಲಾಸಿನ ಮಧ್ಯೆ ಬೇಡ, ಅವರಿಗೂ ಪಾಠ ಮುಗಿಸುವ ಅವಸರ ಇರುತ್ತದೆ. ಮೊದಲು ಹೋದವರು ಸರಿಯಾಗಿ ಕೇಳಿಸಿಕೊಳ್ಳದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ, ಇನ್ನೊಬ್ಬರ ಹತ್ತಿರ ಹೋಗಿ. ನನಗೆ ಸಿಕ್ಕಿದ್ದು ಮೂರನೆಯವರು ಮತ್ತು ನಾಲ್ಕನೆಯವರು.

ಅವರು ಏನಂದರು ಅಂತ ಇಲ್ಲೇ ಬಂದು ಬರೆಯಿರಿ. ಆ ಹೊಂದದ ಮೂಳೆ ಯಾವುದು ಅಂತ ನನಗೂ ತಿಳಿಯಬೇಕು.